ನಾನು ಬೋಳಿಸಿಕೊಳ್ಳದ ತಲೆ

ಒಡತಿ ಲಿಸಿಲ್ಲಾ ಅವರಿಗೆ,

ತಿಬೀಯ ಬರೆಯುವುದು. ಬದುಕಿದ್ದೇನೆ, ಕೈಕಾಲು ಗಟ್ಟಿಯಾಗಿವೆ. ನೀವೂ ಹಾಗೆಯೇ ಇದ್ದೀರಿ ಎಂದುಕೊಂಡಿದ್ದೇನೆ.

ಮೊದಲು ಮೀಕಾಳಿಗೆ ಒಂದು ಮಾತು. ಮೀಕಾ, ನಮ್ಮ ಓಣಿಯಲ್ಲಿ ಓದು ಬರುವ ಹೆಂಗಸು ನೀನೊಬ್ಬಳೇ ಆದ್ದರಿಂದ ಇದನ್ನು ಒಡತಿಗೆ ಓದಿ ಹೇಳುವವಳೂ ನೀನೇ. ಒಂದಕ್ಷರ ಬಿಡಬೇಡ. ಕಹಿ ಬಂದ ಕಡೆ ಕೆಮ್ಮಿ ಮುಂದಿನ ಸಾಲಿಗೆ ಹಾರಬೇಡ, ನಿನ್ನ ಕಡೆಯಿಂದ ಜೇನು ಬೆರೆಸಲೂ ಬೇಡ. ನಡುವೆ ಒಡತಿಯ ಮೈದುನ ಪಾಂಫಿಲ ಬಾಗಿಲಿಗೆ ಬಂದರೆ ನಿಲ್ಲಿಸದೆ ಇನ್ನೂ ಸ್ವಲ್ಪ ಜೋರಾಗಿ ಓದು. ನಿನ್ನ ಹೂಮಾಲೆ ವ್ಯಾಪಾರಕ್ಕೆ ಒಂದು ಬೆಳಗಿನ ಹೊತ್ತು ತಪ್ಪಿಹೋದರೆ ನನ್ನ ಲೆಕ್ಕಕ್ಕೆ ಹಿಡಿದುಕೋ.

ಒಡತಿ, ನೀವು ಹೇಳಿ ಕಳಿಸಿದ್ದು ಮುಟ್ಟಿತು. ಮೀಕಾ ನಿಮ್ಮ ದನಿಯಲ್ಲೇ ಹೇಳಿದಳು: "ಆಗಿದ್ದು ಆಗ್ಹೋಯ್ತು, ಮನೆಗೆ ಬಾ ಅನ್ನು. ಮೈದುನರ ಮುಂದೆ, ಕುಲದೋರ ಮುಂದೆ ನಿಂತ್ಕೊಂಡು, ಅವತ್ತು ನಾನು ಮಾಡಿದ್ದು ತಪ್ಪು ಅಂತ ಒಂದೇ ಒಂದು ಮಾತು ಅಂದ್ಬಿಡ್ಲಿ. ಮುಂದಿನ ಹಬ್ಬಕ್ಕೆ ಅವನನ್ನ ಕುಲಕ್ಕೆ ಸೇರಿಸ್ಕೋತಾರೆ. ನನ್ನ ಮಗ ಅಂತಿದೋರನ ಜಾಗದಲ್ಲಿ ಇರ್ಲಿ."

ಆ ಒಂದು ಮಾತನ್ನು ನಾನು ಆಡುವುದಿಲ್ಲ. ಏಕೆ ಎಂಬುದನ್ನು ಹೇಳಲೇ ಈ ಪತ್ರ ಬರೆಯುತ್ತಿದ್ದೇನೆ.

ಹೀಗೆ ಎದುರುತ್ತರ ಕೊಡುವುದು ನನಗೂ ಹೊಸದು. ಹದಿನೇಳು ವರ್ಷ ನಿಮ್ಮ ಮನೆಯಲ್ಲಿ ನಾನು ಹೆಚ್ಚಾಗಿ ಆಡಿದ್ದೆಂದರೆ "ಹೂಂ ಒಡತಿ" ಒಂದೇ. ಈಗ ಬರೆಯಲು ಒಂದು ಇಡೀ ಆಡಿನ ಚರ್ಮವನ್ನು ಹರಡಿಕೊಂಡು ಕೂತಿದ್ದೇನೆ. ನಾನಿರುವುದು ದೂರವೇನಲ್ಲ, ಮುನಿಖಿಯಾ ಗುಡ್ಡದ ಆಚೆ ಬದಿಯಲ್ಲಿ, ಹಾಯಿ ಹೊಲಿಯುವ ಮುದುಕನೊಬ್ಬನ ಕೊಟ್ಟಿಗೆಯಲ್ಲಿ. ಬಂದು ನಿಮ್ಮ ಬಾಗಿಲಲ್ಲಿ ನಿಂತೇ ಹೇಳಬಹುದಿತ್ತು. ಆದರೆ ಮುಖ ತೋರಿಸಬೇಡ ಎಂದವರು ನೀವು. ಅದೂ ಅಲ್ಲದೆ, ನಿಮ್ಮ ಮುಖ ನೋಡಿದರೆ ನಾನು ಸೋತುಬಿಡುತ್ತೇನೆ ಎಂಬ ಭಯ ನನಗಿದೆ.

ನನ್ನನ್ನು ನೀವು ತಂದಾಗ ನನಗೆ ಏಳೋ ಎಂಟೋ ವರ್ಷ. ಪಾಫ್ಲಗೋನಿಯಾದ ಕಡೆಯವನು ಎಂದು ಮಾರಿದವನು ಹೇಳಿದನಂತೆ. ಆ ಕಡೆಯ ಆಳುಗಳಿಗೆಲ್ಲ ಇಡುವ ಹೆಸರನ್ನೇ ಆಗ ಬದುಕಿದ್ದ ಧಣಿ, ನಿಮ್ಮ ಯಜಮಾನರು, ನನಗೂ ಇಟ್ಟರು. ನನ್ನಪ್ಪನ ಹೆಸರು ನನಗೆ ನೆನಪಿಲ್ಲ. ಅವನ ಕೈಗೆ ಹೊಗೆಯ ವಾಸನೆ ಇತ್ತು ಎಂಬುದಷ್ಟೇ ನೆನಪು. ನೀವು ನನ್ನನ್ನು ಹೊಡೆದಿದ್ದೀರಿ, ಅದನ್ನು ಮರೆತಂತೆ ನಟಿಸುವುದಿಲ್ಲ. ಜ್ವರದಲ್ಲಿ ಬಿದ್ದಾಗ ಮೂರು ದಿನ ನನ್ನ ಪಕ್ಕದಿಂದ ಏಳದೆ ಜವೆಗೋಧಿಯ ಗಂಜಿಯಲ್ಲಿ ಬೆರಳು ಅದ್ದಿ ತುಟಿಗೆ ಹಚ್ಚಿದ್ದೀರಿ, ಅದನ್ನೂ ಮರೆತಿಲ್ಲ. ಅಂತಿದೋರ ಪಾಠಶಾಲೆಯಿಂದ ಬಂದವನೇ ತೊಗಲಿನ ಚೂರಿನ ಮೇಲೆ ದಬ್ಬಳದಿಂದ ಗೀರಿ, "ಇದು ಆಲ್ಫಾ. ಹೇಳೋ ಕತ್ತೆ," ಎನ್ನುತ್ತಿದ್ದ. ನಾನು ಹೇಳುತ್ತಿದ್ದೆ. ಅವನಿಗಿಂತ ಮೊದಲು ನನಗೇ ಬಾಯಿಪಾಠವಾದಾಗ ಅವನಿಗೆ ಕೋಪ ಬಂದು ಎರಡು ದಿನ ಮಾತು ಬಿಟ್ಟಿದ್ದ. ಈ ಪತ್ರ ಬರೆಯುತ್ತಿರುವುದು ಆ ಅಕ್ಷರಗಳಲ್ಲೇ.

ನನ್ನ ಕೂದಲನ್ನು ಮಾತ್ರ ತಿಂಗಳಿಗೊಮ್ಮೆ ಬುಡದವರೆಗೆ ಕತ್ತರಿಸುತ್ತಿದ್ದಿರಿ. ನಿಮ್ಮನ್ನು ದೂರುತ್ತಿಲ್ಲ, ಆಳುಗಳ ತಲೆ ಹಾಗಿರಬೇಕೆಂಬುದು ಊರಿನ ಪದ್ಧತಿ. ಅಂತಿದೋರನ ಕೂದಲು ಹೆಗಲು ಮುಟ್ಟುತ್ತಿತ್ತು, ನನ್ನ ತಲೆ ಉಣ್ಣೆ ಕತ್ತರಿಸಿದ ಕುರಿಯ ಹಾಗಿತ್ತು. ಇಬ್ಬರೂ ಬೀದಿಯಲ್ಲಿ ಹೋಗುತ್ತಿದ್ದರೆ ಯಾರು ಒಡೆಯ ಯಾರು ಆಳು ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ನಮ್ಮ ಹಡಗುಗಳನ್ನು ಸ್ಪಾರ್ಟಾದವರು ಮಿತಿಲೀನೆಯಲ್ಲಿ ಮುತ್ತಿದ್ದಾರೆ ಎಂಬ ಸುದ್ದಿ ಬಂತಲ್ಲ, ಆ ದಿನ ನಿಮಗೆ ನೆನಪಿರಬೇಕು. ಮೂವತ್ತು ದಿನದಲ್ಲಿ ನೂರಕ್ಕೂ ಹೆಚ್ಚು ಹಡಗು ನೀರಿಗಿಳಿಯಬೇಕು, ಹುಟ್ಟು ಹಾಕಬಲ್ಲ ಗಂಡಸರೆಲ್ಲ ಬರಬೇಕು, ಆಳಾಗಿದ್ದವನು ಬಂದರೆ ಅವನು ಅಂದಿನಿಂದ ಸ್ವತಂತ್ರ, ಈ ಊರಿನ ಪ್ರಜೆ ಎಂದು ಸಾರಿದರು. ಅಂತಿದೋರ ಓಡಿ ಬಂದು ನನ್ನ ಕೈಯ ದಬ್ಬಳ ಕಿತ್ತುಕೊಂಡ. "ಏಳೋ. ಇಷ್ಟು ವರ್ಷ ನನ್ನ ಹಿಂದೆ ಬಂದ್ಯಲ್ಲ, ಈಗ ಪಕ್ಕದಲ್ಲಿ ಬಾ," ಎಂದ. ನೀವು ಒಳಗಿಂದಲೇ, "ಇಬ್ರೂ ಹೋದ್ರೆ ಹೊಲಿಯೋರು ಯಾರು?" ಎಂದು ಗೊಣಗಿದಿರಿ. ಆಮೇಲೆ ಎಣ್ಣೆಯಲ್ಲಿ ಚೆನ್ನಾಗಿ ನೆನೆದ ಎತ್ತಿನ ತೊಗಲು ತೆಗೆದು, ಹುಟ್ಟು ಹಾಕುವವರು ಹಲಗೆಯ ಮೇಲೆ ಹಾಕಿಕೊಂಡು ಕೂರುವ ದಿಂಬು ಎರಡು ಹೊಲಿದಿರಿ. ಒಂದೇ ತೊಗಲಿನಲ್ಲಿ ಎರಡೂ, ಒಂದೇ ದಾರದಲ್ಲಿ. ಒಂದು ಅವನಿಗೆ, ಒಂದು ನನಗೆ. ಆ ದಿನ ನೀವು ನನಗೆ ಬೇರೇನೂ ಕೊಡದಿದ್ದರೂ ನಡೆಯುತ್ತಿತ್ತು.

ಈಗ ನಾನು ಹೇಳದೇ ಉಳಿಸಿಕೊಂಡದ್ದಕ್ಕೆ ಬರುತ್ತೇನೆ. ಮೀಕಾ, ಇಲ್ಲಿ ಕೆಮ್ಮಬೇಡ.

ನಮ್ಮ ಮನೆಯ ಕಸುಬು ತೋಳು ಹೊಲಿಯುವುದು. ಹಡಗಿನ ಕೆಳಸಾಲಿನ ಹುಟ್ಟುಗಳು ಹೊರಗೆ ಚಾಚುವ ಕಿಂಡಿಗಳು ನೀರಿಗೆ ಒಂದು ಮೊಳ ಮೇಲಿದ್ದರೆ ಹೆಚ್ಚು. ಅಲೆ ಒಳಗೆ ನುಗ್ಗದಂತೆ ಕಿಂಡಿಗೂ ಹುಟ್ಟಿಗೂ ನಡುವೆ ಕಟ್ಟುವ ತೊಗಲಿನ ತೋಳು ಅದು. ಆ ಮೂವತ್ತು ದಿನ ಹಡಗುಕಟ್ಟೆಯವರು ಎಷ್ಟು ಹೊಲಿದು ಕೊಟ್ಟರೂ ಇನ್ನೂ ತನ್ನಿ ಎನ್ನುತ್ತಿದ್ದರು. ನಮ್ಮಲ್ಲಿದ್ದ ಒಳ್ಳೆಯ ತೊಗಲು ಹತ್ತು ದಿನದಲ್ಲಿ ಮುಗಿಯಿತು. ಪಾಂಫಿಲ ಎಲ್ಲಿಂದಲೋ ಆಡಿನ ಚರ್ಮ ತಂದು ಅಂಗಳದಲ್ಲಿ ರಾಶಿ ಹಾಕಿದ. ಹದ ಆಗಿರಲಿಲ್ಲ, ಮಡಿಸಿದರೆ ಸೀಳು ಬೀಳುತ್ತಿತ್ತು. ನಾನು ಒಂದನ್ನು ಮಡಿಸಿ ಅವನ ಮುಂದೆ ಹಿಡಿದೆ.

"ಧಣಿ, ಇದಕ್ಕೆ ಇನ್ನೂ ಇಪ್ಪತ್ತು ದಿನ ಎಣ್ಣೇಲಿ ನೆನೀಬೇಕು."

"ಇಪ್ಪತ್ತು ದಿನ ನೆನೆಹಾಕಿದ್ರೆ ಸ್ಪಾರ್ಟಾದೋನು ಬಂದು ನಿನ್ನನ್ನೇ ನೆನೆಹಾಕ್ತಾನೆ. ಹೊಲಿಯೋ. ಈ ಹಡಗೇನು ನಿನ್ನ ಮೊಮ್ಮಕ್ಕಳ ಕಾಲದವರೆಗೆ ತೇಲಬೇಕಾ?"

ನೀವು ಅಲ್ಲೇ ಕೂತಿದ್ದಿರಿ. ಒಂದು ಚರ್ಮ ಎತ್ತಿಕೊಂಡು ಬೆರಳಲ್ಲಿ ತಿಕ್ಕಿ ನೋಡಿದಿರಿ. ನಿಮಗೆ ಗೊತ್ತಾಯಿತು, ನಿಮಗೆ ಗೊತ್ತಾದದ್ದು ನನಗೂ ಗೊತ್ತಾಯಿತು. ಆಮೇಲೆ ನೀವು ಸೂಜಿಗೆ ಮೇಣದ ದಾರ ಪೋಣಿಸಿದಿರಿ. ನಾನೂ ಪೋಣಿಸಿದೆ.

ಅಂತಿದೋರನನ್ನೂ ನನ್ನನ್ನೂ ಬೇರೆ ಬೇರೆ ಹಡಗಿಗೆ ಹಾಕಿದರು. ಕಟ್ಟೆಯ ಮೇಲೆ ಅಂತಿದೋರ ದಿಂಬನ್ನು ತಲೆಯ ಮೇಲಿಟ್ಟುಕೊಂಡು ಕುಣಿದು, "ಒಡೆಯನಾದ್ಮೇಲೆ ನನ್ನ ಮರೀಬೇಡ್ವೋ ತಿಬೀಯ," ಎಂದು ಕೂಗಿದ. ನಾನು ಅವನನ್ನು ನೋಡಿದ್ದು ಅದೇ ಕೊನೆ. ಅರ್ಗಿನೂಸೆ ದ್ವೀಪಗಳ ಬಳಿ ಹೇಗೆ ಕಾದಾಡಿದೆವು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಕೆಳಸಾಲಿನಲ್ಲಿ ಕೂತವನಿಗೆ ಕಾಣುವುದು ಮುಂದಿನವನ ಬೆನ್ನು, ಕೇಳುವುದು ಕೊಳಲಿನ ತಾಳ. ಗೆದ್ದೆವು ಎಂದು ಮೇಲಿನವರು ಕೂಗಿದರು, ನಾವೂ ಕೂಗಿದೆವು. ನಮ್ಮ ಇಪ್ಪತ್ತೈದು ಹಡಗು ಒಡೆದಿವೆ, ಅವುಗಳ ಜನ ಇನ್ನೂ ನೀರಿನಲ್ಲಿದ್ದಾರೆ, ಹೋಗಿ ಎತ್ತಿಕೊಂಡು ಬರಬೇಕು ಎಂದು ಆಜ್ಞೆಯಾದ ನಲವತ್ತೇಳು ಹಡಗುಗಳಲ್ಲಿ ನಮ್ಮದೂ ಒಂದು. ಕೇಳಿಸಿಕೊಳ್ಳಿ ಒಡತಿ, ಆಜ್ಞೆ ಆಗಿತ್ತು. ಸೇನಾಪತಿಗಳು ಮರೆತು ಉಂಡು ಮಲಗಲಿಲ್ಲ. ನಾವು ಹೊರಟೆವು.

ಆಗ ಉತ್ತರದ ಗಾಳಿ ಎದ್ದಿತು. ಆ ಗಾಳಿಯನ್ನು ನಾನು ವರ್ಣಿಸುವುದಿಲ್ಲ, ಜನಸಭೆ ಸೇರುವ ಪ್ನಿಕ್ಸ್ ಗುಡ್ಡದ ಮೇಲೆ ಅದನ್ನು ಕಾಣದವರೇ ಬೇಕಾದಷ್ಟು ವರ್ಣಿಸಿದ್ದಾರೆ. ನನ್ನ ಕಿಂಡಿಯ ತೋಳು ಹೊಲಿಗೆಯ ಗುಂಟ ಸೀಳಿತು. ಅದು ನಮ್ಮ ಮನೆಯದೇ, ಗಂಟು ನೋಡಿದರೆ ಗೊತ್ತು. ನನ್ನ ಹಿಂದಿನದೂ ಸೀಳಿತು, ಅದರ ಹಿಂದಿನದೂ. ನೀರು ಮೊಣಕಾಲಿಗೆ ಬಂತು. ತೋಳು ಹರಿದದ್ದರಿಂದ ನನಗೆ ಮೊದಲ ಬಾರಿಗೆ ಸಮುದ್ರ ಕಾಣಿಸಿತು, ಒಂದು ತಟ್ಟೆಯಷ್ಟು. ಅದರಲ್ಲಿ ಒಬ್ಬ ಮನುಷ್ಯ ಮುರಿದ ಹಲಗೆಯನ್ನು ತಬ್ಬಿಕೊಂಡಿದ್ದ. ಕೈ ಎತ್ತಿದ. ಮುಂದಿನ ಅಲೆ ಬಂದಾಗ ಹಲಗೆ ಮಾತ್ರ ಇತ್ತು. ಅವನು ಅಂತಿದೋರನೋ ಅಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂಬುದನ್ನು ಹೊತ್ತುಕೊಂಡೇ ಈ ವರ್ಷವನ್ನು ಕಳೆದಿದ್ದೇನೆ.

ನನ್ನ ಕೆಳಗಿನ ದಿಂಬನ್ನು ಎಳೆದು ಕಿಂಡಿಗೆ ತುರುಕಿದೆ. ನೀವು ಹೊಲಿದ ದಿಂಬು. ಅದು ತಡೆಯಿತು. ನಾವಿಕ ಹಡಗನ್ನು ತಿರುಗಿಸಿದ. ದಡ ಸೇರಿದಾಗ ನೋಡಿದರೆ ಎಲ್ಲ ಹಡಗುಗಳೂ ತಿರುಗಿ ಬಂದಿದ್ದವು, ಹೊಸ ಎತ್ತಿನ ತೊಗಲಿನ ತೋಳು ಕಟ್ಟಿದ್ದವೂ ಸೇರಿ.

ಊರಿಗೆ ಬಂದು ನಿಮ್ಮ ಅಂಗಳದಲ್ಲಿ ನಿಂತಾಗ ಅಂತಿದೋರನ ಹಡಗು ಮುಳುಗಿದ ಸುದ್ದಿ ನಿಮಗೆ ಆಗಲೇ ತಲುಪಿತ್ತು. ನೀವು ಅಳುತ್ತಿರಲಿಲ್ಲ. ನನ್ನ ಅಂಗಿಯ ಅಂಚು ಹಿಡಿದು ಕೇಳಿದ್ದು ಒಂದೇ: "ತೋಳು ತಡೀತೇನೋ?"

"ತಡೀತು ಒಡತಿ," ಎಂದೆ.

ದಿಂಬನ್ನು ನೆನೆದು ಹಾಗೆಂದೆ. ಅದು ಸುಳ್ಳೇ. ಆ ಸುಳ್ಳಿಗೆ ಮಾತ್ರ ನಾನು ನಿಮ್ಮ ಕ್ಷಮೆ ಕೇಳುತ್ತೇನೆ, ಬೇರೆ ಯಾವುದಕ್ಕೂ ಅಲ್ಲ.

ಇನ್ನು ಆ ಅಪತೂರಿಯ ಹಬ್ಬದ ಮಾತು. ಕುಲದವರೆಲ್ಲ ಮೂರು ದಿನ ಒಟ್ಟಿಗೆ ಸೇರಿ ಉಂಡು, ಮೂರನೆಯ ದಿನ ಹುಡುಗರ ಕೂದಲು ಕತ್ತರಿಸಿ ದೇವಿಗೆ ಒಪ್ಪಿಸಿ ಕುಲಕ್ಕೆ ಸೇರಿಸಿಕೊಳ್ಳುವ ಹಬ್ಬ. ಹದಿನೇಳು ವರ್ಷ ನಾನು ಆ ಹಬ್ಬದಲ್ಲಿ ಕುರಿಯ ಕಾಲು ಹಿಡಿದಿದ್ದೇನೆ, ನೀರು ಹೊತ್ತಿದ್ದೇನೆ. ಆ ಸಲ ಪಾಂಫಿಲ ನನ್ನನ್ನು ಒಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ಮಾಂಸದ ತಟ್ಟೆಯನ್ನು ನನ್ನ ಕಡೆ ತಳ್ಳಿದ. ನೀವು ಬಾಗಿಲ ಬಳಿ ಕಪ್ಪು ಸೆರಗು ಹೊದ್ದು ನಿಂತಿದ್ದಿರಿ.

"ನೋಡೋ ತಿಬೀಯ," ಎಂದ ಅವನು. "ಪ್ರಜೆಗಳ ಪಟ್ಟೀಲಿ ನಿನ್ನ ಹೆಸರಿದೆ, ಅಪ್ಪನ ಹೆಸರಿನ ಜಾಗ ಖಾಲಿ ಇದೆ. ನಾಳೆ ನಿನ್ನ ತಲೆ ಬೋಳಿಸಿ ಕುಲಕ್ಕೆ ಸೇರಿಸ್ಕೋತೀವಿ. ನಮ್ಮಣ್ಣನ ಹೆಸರನ್ನ ನಿನ್ನ ಹೆಸರಿನ ಮುಂದೆ ಬರೆಸ್ತೀನಿ. ಅಲ್ಲಿಂದ ಕಪ್ಪು ಹೊದ್ಕೊಂಡು ನಮ್ಮ ಜೊತೆ ಜನಸಭೆಗೆ ಬಾ. ಸತ್ತೋನ ತಮ್ಮ ಅಂತ ಮುಂದಿನ ಸಾಲಲ್ಲಿ ನಿಂತ್ಕೋ. ಸೇನಾಪತಿಗಳು ನಮ್ಮ ಹುಡುಗರನ್ನ ಬೇಕಂತ್ಲೇ ಮುಳುಗೋಕೆ ಬಿಟ್ರು ಅಂತ ಕೂಗು. ನೀನು ಅಲ್ಲೇ ಇದ್ದೋನು, ನಿನ್ನ ಮಾತಿಗೆ ತೂಕ ಇರುತ್ತೆ."

ಆಗ ನೀವು ಬಂದು ನನ್ನ ತಲೆಯ ಮೇಲೆ ಕೈ ಇಟ್ಟಿರಿ. "ಒಪ್ಕೊಳ್ಳೋ. ಅವನಿಲ್ಲ. ನೀನಾದ್ರೂ ಅವ್ವ ಅನ್ನು ನನ್ನ," ಎಂದಿರಿ.

ನಾನು ಅಲುಗಾಡದೆ ಕೂತೆ. ನನ್ನ ತಲೆಯಲ್ಲಿ ಆಗ ಮೂರು ತಿಂಗಳ ಕೂದಲಿತ್ತು. ಕಿವಿಯ ಮೇಲಂಚಿಗೆ ಆಗಷ್ಟೇ ಮುಟ್ಟಿತ್ತು. ಬೆಳಿಗ್ಗೆ ಎದ್ದರೆ ಮೊದಲು ಅದನ್ನೇ ಮುಟ್ಟಿ ನೋಡುತ್ತಿದ್ದೆ, ನಗಬೇಡಿ. ಆದರೂ ಕೂದಲಿಗಾಗಿ ನಾನು ಹಿಂಜರಿಯಲಿಲ್ಲ. ನಿಮ್ಮ ಕೈ ಹಾಗೆಯೇ ಇದ್ದಿದ್ದರೆ ಕೂದಲಿರಲಿ, ಕಿವಿಯನ್ನೂ ಕೊಡುತ್ತಿದ್ದೆ. ಅಪ್ಪನ ಹೆಸರು, ಕುಲ, ಅವ್ವ ಎನ್ನುವ ಅಪ್ಪಣೆ, ಮೂರೂ ಒಂದೇ ತಟ್ಟೆಯಲ್ಲಿ ನನ್ನ ಮುಂದೆ ಇದ್ದವು. ಬೆಳಗಾಗುವವರೆಗೆ ಸಮಯ ಕೊಡಿ ಎಂದು ಎದ್ದು ಹೊರಗೆ ಬಂದೆ. ಹೂಂ ಎನ್ನಬೇಕೆಂದೇ ಇದ್ದೆ ಎಂಬುದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ.

ಹಿಂದಿನ ಅಂಗಳದಲ್ಲಿ ಕ್ಷೌರಿಕ ಕೂತಿದ್ದ. ಅವನ ಮುಂದೆ ಐದಾರು ಮಂದಿ ಸಾಲಾಗಿ ತಲೆ ಬೋಳಿಸಿಕೊಳ್ಳುತ್ತಿದ್ದರು. ಅವರಲ್ಲಿ ಉಪ್ಪುಮೀನು ಮಾರುವ ಕುಂಟನನ್ನು, ಕತ್ತೆ ಬಾಡಿಗೆಗೆ ಕೊಡುವ ದಪ್ಪ ಮನುಷ್ಯನನ್ನು ನಾನು ಗುರುತು ಹಿಡಿದೆ. ಇಬ್ಬರೂ ಅಂತಿದೋರನನ್ನು ಜೀವಮಾನದಲ್ಲಿ ಮಾತಾಡಿಸಿದವರಲ್ಲ. ಪಾಂಫಿಲನ ಆಳು ಅವರಿಗೆ ಕಪ್ಪು ಹೊದಿಕೆ ಹಂಚುತ್ತಿದ್ದ. ದಪ್ಪ ಮನುಷ್ಯ ಬೋಳುತಲೆ ಸವರಿಕೊಂಡು ನನ್ನನ್ನು ಕೇಳಿದ, "ಲೋ, ಸತ್ತೋನ ಹೆಸರು ಏನಂದ್ರಪ್ಪ? ಅಳೋವಾಗ ತಪ್ಪಿ ಬೇರೆ ಏನಾದ್ರೂ ಅಂದುಬಿಟ್ರೆ ಕಷ್ಟ."

ಹೆಸರು ಹೇಳಿಕೊಟ್ಟೆ. ಎರಡು ಸಲ ಕೇಳಿ ಬಾಯಿಪಾಠ ಮಾಡಿಕೊಂಡ. ನನಗೆ ಅಕ್ಷರ ಕಲಿಸಿದವನ ಹೆಸರನ್ನು ಅವನು ಕತ್ತೆಯ ಬಾಡಿಗೆ ದರದ ಹಾಗೆ ಬಾಯಲ್ಲಿ ಹೊರಳಿಸುತ್ತಿದ್ದ. ಆ ಸಾಲಿನಲ್ಲಿ ನಾನೂ ಕೂತರೆ ಅವನಿಗೂ ನನಗೂ ಏನು ವ್ಯತ್ಯಾಸ ಉಳಿಯಿತು? ನನ್ನ ದುಃಖ ನಿಜ, ಅವನದು ಬಾಡಿಗೆಯದು ಎಂದು ಬೋಳುತಲೆಯ ಮೇಲೆ ಬರೆದಿರುವುದಿಲ್ಲ. ಬೆಳಿಗ್ಗೆ ಒಳಗೆ ಬಂದು ಪಾಂಫಿಲನಿಗೆ, "ನಾನು ಬೋಳಿಸ್ಕೊಳ್ಳಲ್ಲ," ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೂರು ತಿಂಗಳು ಕೂದಲು ಬಿಟ್ಟಿದ್ದಕ್ಕೇ ತಲೆ ತಿರುಗಿತೇನೋ?" ಎಂದ.

ಜನಸಭೆಯ ದಿನ ನಡೆದದ್ದನ್ನು ನಿಮಗೆ ಪಾಂಫಿಲ ತನ್ನ ರೀತಿಯಲ್ಲಿ ಹೇಳಿರುತ್ತಾನೆ. ನನ್ನ ರೀತಿಯಲ್ಲೂ ಕೇಳಿ. ಎಂಟು ಸೇನಾಪತಿಗಳಲ್ಲಿ ಇಬ್ಬರು ಊರಿಗೇ ಬರಲಿಲ್ಲ, ಆರು ಮಂದಿ ಅಲ್ಲಿ ನಿಂತಿದ್ದರು. ಒಬ್ಬೊಬ್ಬನನ್ನೇ ಬೇರೆಯಾಗಿ ವಿಚಾರಿಸಬೇಕೆಂಬುದು ಈ ಊರಿನ ಕಾನೂನು. ಕಾನೂನು ಎತ್ತಿದವರನ್ನು ಕೂಗಿ ಕೂರಿಸಿದರು. ಎಲ್ಲರಿಗೂ ಸೇರಿ ಒಂದೇ ಮತ ಎಂದು ತೀರ್ಮಾನವಾಯಿತು. ಒಂದೊಂದು ಪಂಗಡಕ್ಕೆ ಎರಡು ಗಡಿಗೆ ಇಟ್ಟರು, ಎಲ್ಲರಿಗೂ ಕಾಣುವ ಹಾಗೆ. ಸಾಯಲಿ ಎನ್ನುವವರು ಮೊದಲ ಗಡಿಗೆಗೆ ಕಲ್ಲು ಹಾಕಬೇಕು, ಬಿಡಿ ಎನ್ನುವವರು ಎರಡನೆಯದಕ್ಕೆ. ನನ್ನ ಜೀವಮಾನದ ಮೊದಲ ಮತ ಅದು. ಪಾಂಫಿಲ ಮೊದಲ ಗಡಿಗೆಯ ಪಕ್ಕದಲ್ಲೇ ಬೋಳುತಲೆ ಹೊತ್ತು ನಿಂತಿದ್ದ.

"ಇದರಲ್ಲಿ ಹಾಕೋ," ಎಂದ ಮೆಲ್ಲಗೆ. "ಇನ್ನೂ ಕಾಲ ಮಿಂಚಿಲ್ಲ. ನಿನ್ನ ಒಡತಿ ಮುಖ ನೆನೆಸ್ಕೋ."

ನೆನೆಸಿಕೊಂಡೆ. ನಿಮ್ಮ ಮುಖವನ್ನೂ ನೆನೆಸಿಕೊಂಡೆ, ನೀವು ಆ ಹದವಾಗದ ಚರ್ಮವನ್ನು ಬೆರಳಲ್ಲಿ ತಿಕ್ಕಿ ನೋಡಿದ್ದನ್ನೂ ನೆನೆಸಿಕೊಂಡೆ. ಆಮೇಲೆ ನನ್ನ ಕಲ್ಲನ್ನು ಎರಡನೆಯ ಗಡಿಗೆಗೆ ಹಾಕಿದೆ. ಯಾರೋ ಹಿಂದಿನಿಂದ, "ಆಳಿಗೆ ಮತ ಕೊಟ್ರೆ ಹಿಂಗೇ ಆಗೋದು," ಎಂದ. ಪಾಂಫಿಲ ನನ್ನ ಕಾಲ ಬಳಿ ಉಗುಳಿದ. ಮೊದಲ ಗಡಿಗೆ ತುಂಬಿತು, ಆ ಆರು ಮಂದಿ ವಿಷದ ಬಟ್ಟಲು ಕುಡಿದು ಸತ್ತರು.

ನಾನು ಮನೆಗೆ ಬಂದಾಗ ನೀವು ಬಾಗಿಲು ಅರ್ಧ ತೆರೆದು, "ನನ್ನ ಮಗನ್ನ ಮೀನಿಗೆ ಹಾಕ್ದೋರ ಕಡೆ ಆಗ್ಬಿಟ್ಯಲ್ಲೋ. ಇನ್ನು ನಿನ್ನ ಮುಖ ತೋರಿಸ್ಬೇಡ," ಎಂದಿರಿ. ಬಾಗಿಲು ಹಾಕಿಕೊಂಡಿತು. ನನ್ನ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಗುಡ್ಡ ಹತ್ತಿ ಇಳಿದೆ.

ನಾನು ಯಾರ ಕಡೆಯೂ ಆಗಿರಲಿಲ್ಲ ಒಡತಿ. ಆ ಗಾಳಿಯಲ್ಲಿ ತಿರುಗಿ ಬಂದದ್ದು ಅಪರಾಧವಾದರೆ ನಾನು ಅಪರಾಧಿ, ನನ್ನ ಜೊತೆ ಹುಟ್ಟು ಹಾಕಿದ ಎಲ್ಲರೂ ಅಪರಾಧಿಗಳು. ನೀರು ಒಳಗೆ ಬಿಟ್ಟದ್ದು ಅಪರಾಧವಾದರೆ ಆ ವಿಷದ ಬಟ್ಟಲು ಮೊದಲು ಬರಬೇಕಾದದ್ದು ನಮ್ಮ ಅಂಗಳಕ್ಕೆ. ಪಾಂಫಿಲ ಕುಡಿಯಬೇಕಿತ್ತು, ನಾನು ಕುಡಿಯಬೇಕಿತ್ತು, ನಿಮ್ಮ ಬಾಯಿಗೂ ಹಿಡಿಯಬೇಕಿತ್ತು. ನಿಮ್ಮನ್ನು ನೋಯಿಸಲು ಇದನ್ನು ಬರೆಯುತ್ತಿಲ್ಲ. ಅಂತಿದೋರನ ಹಡಗನ್ನು ಒಡೆದದ್ದು ಶತ್ರುವಿನ ಹಡಗಿನ ಕಂಚಿನ ಮೂತಿ, ನಿಮ್ಮ ಸೂಜಿಯಲ್ಲ. ಒಳ್ಳೆಯ ತೊಗಲಿದ್ದ ಹಡಗುಗಳೂ ಅವನನ್ನು ತಲುಪಲಿಲ್ಲ. ನೀವು ಇಷ್ಟು ತಿಂಗಳಿಂದ ಆ ಪ್ರಶ್ನೆಯನ್ನು ಒಬ್ಬರೇ ಮಡಿಲಲ್ಲಿಟ್ಟುಕೊಂಡು ಕೂತಿದ್ದೀರಿ ಎಂದು ನನಗೆ ಗೊತ್ತು. ಆರು ಮಂದಿ ಸತ್ತರೆ ಅದು ಹಗುರಾಗುತ್ತದೆ ಎಂದುಕೊಂಡಿರಿ. ಹಗುರಾಯಿತೇ? ಆಗಿದ್ದರೆ ನನ್ನನ್ನು ಕರೆದು ಕಳಿಸುತ್ತಿರಲಿಲ್ಲ.

ಊರು ಈಗ ಬೇರೆ ರಾಗ ಹಾಡುತ್ತಿದೆ. ಗೆದ್ದು ಬಂದವರನ್ನೇ ಕೊಂದುಕೊಂಡೆವಲ್ಲ ಎಂದು ಎಲ್ಲರೂ ತಲೆ ಚಚ್ಚಿಕೊಳ್ಳುತ್ತಾರೆ. ಜನರಿಗೆ ಮೋಸ ಮಾಡಿದವರನ್ನು ಹಿಡಿಯಬೇಕಂತೆ. ಮೊನ್ನೆ ಕ್ಷೌರಿಕನ ಅಂಗಡಿಯಲ್ಲಿ ಪಾಂಫಿಲ, "ನಂಗೆ ಅವತ್ತೇ ಅನುಮಾನ ಇತ್ತು ಕಣಯ್ಯ, ಯಾರು ಕೇಳ್ತಾರೆ?" ಎನ್ನುತ್ತಿದ್ದನಂತೆ. ಅವನ ಕೂದಲು ಆಗಲೇ ಚೆನ್ನಾಗಿ ಬೆಳೆದಿದೆ. ಊರೆಲ್ಲ ತಪ್ಪಾಯಿತು ಎನ್ನುವಾಗ, ಆ ತಪ್ಪನ್ನು ಮಾಡದ ನಾನೊಬ್ಬ ಅವನ ಮುಂದೆ ನಿಂತು ತಪ್ಪಾಯಿತು ಎನ್ನಬೇಕಂತೆ. ಹೇಳಿ, ನಾನು ನಗಬೇಕೋ ಅಳಬೇಕೋ?

ಅಪ್ಪನ ಹೆಸರಿನ ಜಾಗ ಖಾಲಿಯೇ ಇರಲಿ. ಹೆಸರು ಬರೆದುಕೊಳ್ಳುವ ಗುಮಾಸ್ತ ಮೊನ್ನೆ ಮತ್ತೆ ಕೇಳಿದ, "ಅಪ್ಪನ ಹೆಸರು?" ಗೊತ್ತಿಲ್ಲ ಎಂದೆ. "ಏನಾದ್ರೂ ಒಂದು ಹೇಳಯ್ಯ, ಸಾಲು ವಿಕಾರವಾಗಿ ಕಾಣುತ್ತೆ," ಎಂದ. ಕಂಡರೆ ಕಾಣಲಿ ಎಂದೆ.

ಇಂದು ಬೆಳಿಗ್ಗೆ ನಾನು ಕೂದಲು ಕತ್ತರಿಸಿದೆ. ಕತ್ತಿನವರೆಗೆ ಬಂದಿತ್ತು. ಯಾರೂ ಕತ್ತರಿಸಲು ಹೇಳಲಿಲ್ಲ, ಯಾರೂ ನೋಡಲಿಲ್ಲ, ಕ್ಷೌರಿಕನೂ ಇರಲಿಲ್ಲ. ತೊಗಲು ಕೊಯ್ಯುವ ನನ್ನ ಚೂರಿಯಲ್ಲೇ ಬುಡಕ್ಕೆ ಕತ್ತರಿಸಿದೆ, ಅಲ್ಲಲ್ಲಿ ರಕ್ತವೂ ಬಂತು. ಗುಡ್ಡದ ಕೆಳಗೆ, ಸಮುದ್ರದ ಕಡೆಗೆ, ನಾವಿಬ್ಬರೂ ಸಣ್ಣವರಿದ್ದಾಗ ಏಡಿ ಹಿಡಿಯುತ್ತಿದ್ದ ಚಪ್ಪಟೆ ಬಂಡೆ ಇದೆಯಲ್ಲ, ಅದರ ಪಕ್ಕ ಗುಂಡಿ ತೋಡಿದೆ. ಅಂತಿದೋರನ ದೇಹವಿಲ್ಲ. ಅವನ ದಿಂಬೂ ಇಲ್ಲ. ಆದರೆ ಅದೇ ತೊಗಲಿನ, ಅದೇ ದಾರದ, ನಿಮ್ಮ ಅದೇ ಕೈಯ ನನ್ನ ದಿಂಬು ಇತ್ತು. ನೀರನ್ನು ತಡೆದ ದಿಂಬು. ಅದನ್ನು ಗುಂಡಿಯಲ್ಲಿಟ್ಟು, ಮೇಲೆ ಕೂದಲಿಟ್ಟು, ಎಣ್ಣೆ ಹೊಯ್ದು ಕಲ್ಲು ಮುಚ್ಚಿದೆ. ನಾಳಿದ್ದು ನನ್ನ ಹಡಗು ಮತ್ತೆ ಹೊರಡುತ್ತದೆ, ನಾನು ಬರಿ ಹಲಗೆಯ ಮೇಲೆ ಕೂರುತ್ತೇನೆ. ನನ್ನ ಸಾಲಿನ ತೋಳುಗಳನ್ನೆಲ್ಲ ಈ ಸಲ ನಾನೇ ಹೊಲಿದಿದ್ದೇನೆ, ನಲವತ್ತು ದಿನ ಎಣ್ಣೆಯಲ್ಲಿ ನೆನೆದ ತೊಗಲಲ್ಲಿ.

ಕಲ್ಲು ಮುಚ್ಚಿದ ಮೇಲೆ ಹೆಸರು ಹಿಡಿದು ಕರೆಯಬೇಕಲ್ಲ. ದೇಹ ಸಿಗದವನನ್ನು ಮನೆಯವರು ಮೂರು ಸಲ ಕರೆದರೆ ಮಾತ್ರ ಅವನು ನೀರು ಬಿಟ್ಟು ಮನೆಗೆ ಬರುತ್ತಾನೆ. ನಾನು ಸಮುದ್ರದ ಕಡೆ ತಿರುಗಿ ಅಂತಿದೋರ ಎಂದು ಒಮ್ಮೆ ಕರೆದೆ. ಇನ್ನೊಮ್ಮೆ ಕರೆದೆ. ನಾನು ಮನೆಯವನೋ ಅಲ್ಲವೋ ಎಂದು ಪಾಂಫಿಲನ ಕುಲವನ್ನು ಕೇಳಲು ಹೋಗಲಿಲ್ಲ.

ಮೂರನೆಯ ಸಲ ಕರೆದಿಲ್ಲ. ಅದು ನಿಮ್ಮದು.

ನಾಳೆ ಬೆಳಿಗ್ಗೆ ಬನ್ನಿ. ಪಾಂಫಿಲನನ್ನು ಕರೆತರಬೇಡಿ, ಕಪ್ಪು ಬಟ್ಟೆ ಬೇಡ, ನನ್ನಿಂದ ತಪ್ಪಾಯಿತು ಎಂಬ ಮಾತು ಸಿಗುತ್ತದೆಂಬ ಆಸೆಯೂ ಬೇಡ. ಮೀಕಾಳ ಕೈ ಹಿಡಿದುಕೊಂಡು ಬನ್ನಿ, ಇಳಿಜಾರಿನಲ್ಲಿ ಸಡಿಲ ಕಲ್ಲುಗಳಿವೆ. ಬಂಡೆಯ ಹತ್ತಿರ ಬೋಳುತಲೆಯವನೊಬ್ಬ ನಿಂತಿರುತ್ತಾನೆ. ನೀವು ಬಾರದಿದ್ದರೆ ಸಂಜೆಯವರೆಗೆ ನಿಂತು, ಮೂರನೆಯದನ್ನು ನಿಮ್ಮ ಪರವಾಗಿ ಕರೆದು ಹೋಗುತ್ತೇನೆ. ಅಂತಿದೋರ ಇಷ್ಟು ತಿಂಗಳು ಕಾದಿದ್ದಾನೆ, ಯಾರ ಮುನಿಸಿಗಾಗಿಯೂ ಅವನನ್ನು ಇನ್ನು ನೀರಿನಲ್ಲಿ ನಿಲ್ಲಿಸುವುದಿಲ್ಲ.

ಹಬ್ಬದ ದಿನ ನೀವು ನನಗೆ ಕೊಡಲು ಬಂದ ಆ ಒಂದು ಪದವನ್ನು ನಾನು ಬೆಲೆಯಾಗಿ ತೆಗೆದುಕೊಳ್ಳಲಿಲ್ಲ. ಜ್ವರದಲ್ಲಿ ಬಿದ್ದಿದ್ದ ಆ ಮೂರು ದಿನ ಮನಸ್ಸಿನಲ್ಲೇ ಅದನ್ನು ಕರೆದಿದ್ದೆ, ನಿಮಗೆ ಕೇಳಿಸಿರಲಿಲ್ಲ. ಈಗ ಯಾರ ಅಪ್ಪಣೆಯೂ ಇಲ್ಲದೆ, ತಲೆಯ ಮೇಲೆ ಯಾರ ಕೈಯೂ ಇಲ್ಲದೆ ಬರೆಯುತ್ತೇನೆ. ಮೀಕಾ, ಇದನ್ನು ಮೆಲ್ಲಗೆ ಓದು.

ಅವ್ವ, ನಿನ್ನ ಸೂಜಿ ತುಕ್ಕು ಹಿಡಿಯದಿರಲಿ, ನಿನ್ನ ಕಣ್ಣು ದಾರ ಪೋಣಿಸುವಷ್ಟು ಕಾಲ ಬೆಳಕಾಗಿರಲಿ. ನಾಳೆ ಬಾ.

ತಿಬೀಯ,
ತಂದೆಯ ಹೆಸರಿನ ಜಾಗ ಖಾಲಿ ಇರುವವನು,
ಪಿರೇಯಸ್‌ನವನು, ಅಂತಿದೋರನನ್ನು ಎರಡು ಸಲ ಕರೆದವನು.